ಐದು ಮೀಟರ್ ಪಟ್ಟಿ, ಒಂದು ಗ್ಲೋಬ್, ನಲವತ್ತು ಚುಕ್ಕೆ

ಕ್ರಿ.ಪೂ. 2560 ಎಂದು ಹಲಗೆಯ ಮೇಲೆ ಬರೆದರೆ ಹತ್ತು ವರ್ಷದ ಮಗು ಅದನ್ನು ಓದುತ್ತದೆ, ಬರೆದುಕೊಳ್ಳುತ್ತದೆ, ಪರೀಕ್ಷೆಯಲ್ಲಿ ಬಿಟ್ಟ ಸ್ಥಳವನ್ನು ಸರಿಯಾಗಿ ತುಂಬುತ್ತದೆ ಕೂಡ. ಅದು ಎಷ್ಟು ಹಿಂದೆ ಎಂದು ಕೇಳಿದರೆ "ತುಂಬಾ ಹಿಂದೆ" ಅನ್ನುತ್ತದೆ. ಅಜ್ಜಿಯ ಬಾಲ್ಯವೂ ಅದರ ಪಾಲಿಗೆ "ತುಂಬಾ ಹಿಂದೆ"ಯೇ. ಒಂಬತ್ತರಿಂದ ಹನ್ನೊಂದರ ವಯಸ್ಸಿನ ಮಕ್ಕಳಿಗೆ ಸಮಾಜ ವಿಜ್ಞಾನ ಬೇಸರ ತರಿಸುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ. ಹೆಸರು ಸಿಗುತ್ತದೆ, ಇಸವಿ ಸಿಗುತ್ತದೆ, ಅಳತೆ ಮಾತ್ರ ಸಿಗುವುದಿಲ್ಲ. ಹಾಡು, ವೇಷ, ಬಣ್ಣದ ಚಾರ್ಟು ಎಷ್ಟೇ ತಂದರೂ ಅಳತೆ ಕೈಗೆ ಬಾರದಿದ್ದರೆ ಪಾಠ ಮಾರನೆಯ ವಾರಕ್ಕೆ ಉಳಿಯುವುದಿಲ್ಲ.

ಕಾಲದಿಂದ ಶುರು ಮಾಡೋಣ. ಕಾಲರೇಖೆಯನ್ನು ಪುಸ್ತಕದಲ್ಲಿ ಅಂಗೈ ಅಗಲಕ್ಕೆ ಬರೆಸಬೇಡಿ, ಗೋಡೆಯ ಉದ್ದಕ್ಕೆ ಕಟ್ಟಿ. ಬೇಕಾದದ್ದು ಐದೂವರೆ ಮೀಟರ್ ಬಟ್ಟೆಯ ಪಟ್ಟಿ, 20 ಬಟ್ಟೆ ಕ್ಲಿಪ್, ಅಂಗೈಯಷ್ಟು ದೊಡ್ಡ ಕಾರ್ಡುಗಳು, ಒಂದು ಅಳತೆ ಟೇಪು. ಹಗ್ಗ ಬೇಡ. ಎಳೆದರೆ ಹಿಗ್ಗುತ್ತದೆ, ನಡುವೆ ಜೋಲುತ್ತದೆ, ಆಗ ಅಳತೆಯೇ ಸುಳ್ಳಾಗುತ್ತದೆ. ಒಂದು ಮೀಟರಿಗೆ 1000 ವರ್ಷ ಎಂದು ಇಟ್ಟುಕೊಂಡರೆ 10 ಸೆಂ.ಮೀ.ಗೆ ಒಂದು ಶತಮಾನ, ಒಂದು ಮಿಲಿಮೀಟರಿಗೆ ಒಂದು ವರ್ಷ. ಎಡತುದಿಗೆ ಕ್ರಿ.ಪೂ. 3000 ಬರೆದರೆ ಮೂರನೇ ಮೀಟರಿನಲ್ಲಿ ಕ್ರಿ.ಪೂ. ಮುಗಿದು ಕ್ರಿ.ಶ. ಶುರುವಾಗುತ್ತದೆ, ಐದನೇ ಮೀಟರಿಗೆ 2000 ಬರುತ್ತದೆ. ಮಗುವಿನ ಹತ್ತು ವರ್ಷದ ಇಡೀ ಬದುಕು ಒಂದು ಸೆಂಟಿಮೀಟರ್. ಅದನ್ನು ಮೊದಲು ಅವರ ಕೈಯಿಂದಲೇ ಗುರುತು ಹಾಕಿಸಿ.

ಆಮೇಲೆ ಮೂರು ಕಾರ್ಡು ಕೊಡಿ: ಗೀಜಾದ ಮಹಾ ಪಿರಮಿಡ್ (ಸುಮಾರು ಕ್ರಿ.ಪೂ. 2560), ಈಜಿಪ್ಟಿನ ರಾಣಿ ಕ್ಲಿಯೋಪಾತ್ರಳ ಸಾವು (ಕ್ರಿ.ಪೂ. 30), ಚಂದ್ರನ ಮೇಲೆ ಮನುಷ್ಯನ ಹೆಜ್ಜೆ (1969). ಜಾಗಕ್ಕೆ ಸಿಕ್ಕಿಸುವ ಮುನ್ನ ಒಂದು ಪ್ರಶ್ನೆ ಕೇಳಿ: ರಾಣಿಗೆ ಯಾವುದು ಹತ್ತಿರ, ಪಿರಮಿಡ್ಡೋ ಚಂದ್ರಯಾನವೋ? ತರಗತಿಗೆ ತರಗತಿಯೇ ಪಿರಮಿಡ್ ಅನ್ನುವುದು ಸಹಜ. ಈಗ ಅಳೆಯಲಿ. ಪಿರಮಿಡ್ 44 ಸೆಂ.ಮೀ.ಗೆ ಬರುತ್ತದೆ, ರಾಣಿ 297ಕ್ಕೆ, ಚಂದ್ರಯಾನ ಸುಮಾರು 497ಕ್ಕೆ. ಪಿರಮಿಡ್ಡಿನಿಂದ ರಾಣಿಗೆ ಎರಡೂವರೆ ಮೀಟರಿಗೂ ಮಿಗಿಲು, ರಾಣಿಯಿಂದ ನಮ್ಮ ಕಡೆಗೆ ಎರಡೇ ಮೀಟರು. "ಹಳೆಯ ಈಜಿಪ್ಟ್" ಎಂಬ ಒಂದೇ ಮಾತಿನಲ್ಲಿ ಎಷ್ಟು ಕಾಲ ಮಡಚಿಕೊಂಡು ಕೂತಿದೆ ಎಂದು ಇನ್ನು ವಿವರಿಸಬೇಕಾಗಿಲ್ಲ.

ಎಡವುವ ಜಾಗಗಳು ಮೂರು. ಕ್ರಿ.ಪೂ. 500 ಎನ್ನುವುದು ಕ್ರಿ.ಪೂ. 300ಕ್ಕಿಂತ ಈಚಿನದು ಎಂದು ಮಕ್ಕಳು ಭಾವಿಸುತ್ತಾರೆ, ಸಂಖ್ಯೆ ದೊಡ್ಡದಲ್ಲವೇ! ಬಾವಿ ತೋಡುವ ಹೋಲಿಕೆ ಇಲ್ಲಿ ಚೆನ್ನಾಗಿ ಒದಗುತ್ತದೆ: ನೆಲದಿಂದ ಕೆಳಗೆ ಹೋದಷ್ಟೂ ಅಂಕಿ ಹೆಚ್ಚು, ಆಳವೂ ಹೆಚ್ಚು. ಎರಡನೆಯದು ಶತಮಾನ. 1857 ಎಂದರೆ ಹದಿನೆಂಟನೇ ಶತಮಾನ ಎಂದೇ ಬರೆಯುತ್ತಾರೆ. ಒಂಬತ್ತು ತುಂಬಿದ ಮಗುವಿಗೆ ಹತ್ತನೇ ವರ್ಷ ನಡೆಯುತ್ತಿದೆ ಎಂದು ಮನೆಯಲ್ಲಿ ಹೇಳುವುದನ್ನು ನೆನಪಿಸಿ. ಹದಿನೆಂಟು ನೂರು ತುಂಬಿದ ಮೇಲೆ ನಡೆಯುವುದು ಹತ್ತೊಂಬತ್ತನೆಯದು. ಮೂರನೆಯದು ಕೂಡುವ ಲೆಕ್ಕ: ಸೊನ್ನೆ ಇಸವಿ ಎಂಬುದಿಲ್ಲ, ಕ್ರಿ.ಪೂ. 1 ಆದ ಕೂಡಲೇ ಕ್ರಿ.ಶ. 1. ಹಾಗಾಗಿ ಕ್ರಿ.ಪೂ. 30ರಿಂದ 1969ಕ್ಕೆ 1999 ಅಲ್ಲ, 1998 ವರ್ಷ. ಪಟ್ಟಿಯ ಮೇಲೆ ಇದು ಒಂದು ಮಿಲಿಮೀಟರಿನ ವ್ಯತ್ಯಾಸ, ಕಣ್ಣಿಗೂ ಬೀಳದು. ಕೇಳಿದ ಮಗುವಿಗೆ ಮಾತ್ರ ಹೇಳಿ, ಎಲ್ಲರಿಗೂ ಹೇರುವ ಅಗತ್ಯವಿಲ್ಲ.

ಎರಡು ಮೂರು ವಾರ ಕಾರ್ಡು ಸೇರಿಸುತ್ತ ಹೋದಂತೆ ಕೊನೆಯ 20 ಸೆಂ.ಮೀ.ನಲ್ಲಿ ಕ್ಲಿಪ್ಪಿಗೆ ಜಾಗ ಸಾಲದಾಗುತ್ತದೆ, ಮೊದಲ ಎರಡು ಮೀಟರು ಬಹುಪಾಲು ಖಾಲಿ. ಇದನ್ನು ಸರಿಪಡಿಸಲು ಹೋಗಬೇಡಿ. ಅಷ್ಟು ಕಾಲ ಯಾರೂ ಏನೂ ಮಾಡಲಿಲ್ಲವೇ, ಮಾಡಿದ್ದು ನಮಗೆ ತಿಳಿದಿಲ್ಲವೇ, ಬರೆದಿಟ್ಟವರು ಯಾರು, ಬರೆದದ್ದು ಉಳಿದದ್ದು ಹೇಗೆ ಎಂಬ ಪ್ರಶ್ನೆಗಳು ಆ ಖಾಲಿ ಜಾಗದಿಂದಲೇ ಏಳುತ್ತವೆ. ಆಧಾರಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಕಂಡಿಲ್ಲ. ಆಮೇಲೆ ಕೊನೆಯ 200 ವರ್ಷಕ್ಕೆಂದೇ ಎರಡು ಮೀಟರಿನ ಇನ್ನೊಂದು ಪಟ್ಟಿ ಕಟ್ಟಿ, ಸೆಂಟಿಮೀಟರಿಗೆ ಒಂದು ವರ್ಷದಂತೆ. ಪ್ರತಿ ಮಗುವಿನ ಬದುಕಿನ ಕಾಲರೇಖೆಯನ್ನು ಮಾಡಿಸುವುದಾದರೆ ಎಳೆಯ ಕಾಲದ ಫೋಟೊ ತರಲೇಬೇಕು ಎನ್ನಬೇಡಿ. ಮನೆಯ ಕಥೆ ಹೇಳಲು ಇಷ್ಟವಿಲ್ಲದ, ಹೇಳಲು ಯಾರೂ ಇಲ್ಲದ ಮಗು ಒಂದಾದರೂ ಇರಬಹುದು. ಶಾಲೆಯ ಕಟ್ಟಡದ ಬದುಕನ್ನು ಬರೆಯುವ ಅವಕಾಶವೂ ಅದಕ್ಕೆ ಇರಲಿ.

ನಕ್ಷೆಗೆ ಬಂದರೆ, ದೇಶ ಖಂಡಗಳಿಗಿಂತ ಮೊದಲು ತರಗತಿಯ ಕೋಣೆ. ಮೊದಲು ಹೆಜ್ಜೆಯಲ್ಲಿ ಅಳೆಸಿ. ಒಂದೇ ಗೋಡೆಗೆ ಒಬ್ಬರದು 13 ಹೆಜ್ಜೆ, ಇನ್ನೊಬ್ಬರದು 17 ಬರುತ್ತದೆ. ಜಗಳವಾಗಲಿ, ಟೇಪು ಯಾಕೆ ಬೇಕು ಎಂದು ಅವರೇ ಹೇಳುತ್ತಾರೆ. 1:50 ಪ್ರಮಾಣದಲ್ಲಿ 8 ಮೀಟರ್ ಉದ್ದ, 6 ಮೀಟರ್ ಅಗಲದ ಕೋಣೆ 16 ಸೆಂ.ಮೀ.ಗೆ 12 ಸೆಂ.ಮೀ. ಆಗುತ್ತದೆ, ಎ4 ಹಾಳೆಯಲ್ಲಿ ಸೂಚಿಗೂ ದಿಕ್ಕಿನ ಬಾಣಕ್ಕೂ ಜಾಗ ಮಿಗುತ್ತದೆ. ಬೆಂಚಿಗೆ ನಾಲ್ಕು ಕಾಲು ಬರೆಯುವವರು ಇದ್ದೇ ಇರುತ್ತಾರೆ. ಮೇಲಿಂದ ನೋಡುವುದು ಎಂದು ಬಾಯಲ್ಲಿ ಹೇಳಿದರೆ ಸಾಲದು. ಬಾಟಲಿ, ಲೋಟ, ಡಬ್ಬಿಗಳನ್ನು ಕಾಗದದ ಮೇಲೆ ನಿಲ್ಲಿಸಿ ಸುತ್ತಲೂ ಗೆರೆ ಎಳೆಸಿ, ವಸ್ತು ಎತ್ತಿದ ಮೇಲೆ ಉಳಿಯುವ ಆಕಾರವೇ ನಕ್ಷೆ ಎಂದು ತೋರಿಸಿ. ಮುಗಿದ ನಕ್ಷೆಯನ್ನು ಗೋಡೆಗೆ ಅಂಟಿಸುವ ಬದಲು ನೆಲದ ಮೇಲೆ ಹಾಸಿ, ದಿಕ್ಸೂಚಿ ನೋಡಿ ತಿರುಗಿಸಿ. ಗೋಡೆಯ ನಕ್ಷೆ ನೋಡಿ ಬೆಳೆದ ಮಕ್ಕಳಿಗೆ ಉತ್ತರ ಎಂದರೆ ಮೇಲೆ, ಅಂದರೆ ಚಾವಣಿಯ ಕಡೆ. ದಿಕ್ಸೂಚಿಯನ್ನು ಕಬ್ಬಿಣದ ಬೆಂಚಿನ ಮೇಲಿಡಬೇಡಿ, ಮುಳ್ಳು ದಾರಿ ತಪ್ಪುತ್ತದೆ.

ಗ್ಲೋಬ್ ಒಂದಿದ್ದರೆ ಒಂದು ತರಗತಿಯ ಅವಧಿಗೆ ಸಾಕಾಗುವ ಕೆಲಸವಿದೆ. ಗೋಡೆಯ ಮೇಲೆ ಮರ್ಕೇಟರ್ ಮಾದರಿಯ ಪ್ರಪಂಚದ ನಕ್ಷೆ ತೂಗುಹಾಕಿ, ಗ್ರೀನ್‌ಲ್ಯಾಂಡ್ ದೊಡ್ಡದೋ ಆಫ್ರಿಕಾ ದೊಡ್ಡದೋ ಎಂದು ಕೈ ಎತ್ತಿಸಿ. ಅದರಲ್ಲಿ ಎರಡೂ ಸರಿಸುಮಾರು ಒಂದೇ ಎನ್ನುವ ಹಾಗೆ ಕಾಣುತ್ತವೆ. ಆಮೇಲೆ 30 ಸೆಂ.ಮೀ. ವ್ಯಾಸದ ಗ್ಲೋಬಿನ ಮೇಲೆ ತೆಳು ಕಾಗದವಿಟ್ಟು ಎರಡನ್ನೂ ಪೆನ್ಸಿಲಿನಲ್ಲಿ ಎತ್ತಿಕೊಳ್ಳಲಿ, ಒಂದು ಸೆಂ.ಮೀ. ಚೌಕದ ಗ್ರಾಫ್ ಹಾಳೆಗೆ ಇಳಿಸಿ ಚೌಕ ಎಣಿಸಲಿ. ಆ ಗಾತ್ರದ ಗ್ಲೋಬಿನಲ್ಲಿ ಒಂದು ಸೆಂ.ಮೀ. ಸುಮಾರು 425 ಕಿ.ಮೀ.ಗೆ ಸಮ. ಗ್ರೀನ್‌ಲ್ಯಾಂಡಿಗೆ 12 ಚೌಕದಷ್ಟು, ಆಫ್ರಿಕಾಕ್ಕೆ 168ರಷ್ಟು ಬರಬೇಕು: 14 ಪಟ್ಟು. ಆಫ್ರಿಕಾವನ್ನು ಒಂದೇ ಕಾಗದದಲ್ಲಿ ಎತ್ತಲು ಹೋದರೆ ಕಾಗದ ಮುದುಡುತ್ತದೆ, ನಾಲ್ಕು ತುಂಡಾಗಿ ಎತ್ತಿ. ಆ ಮುದುಡುವಿಕೆಯೇ ಪಾಠದ ತಿರುಳು. ದುಂಡನೆಯದನ್ನು ಚಪ್ಪಟೆ ಮಾಡಲು ಹೊರಟರೆ ಎಲ್ಲೋ ಹಿಗ್ಗಲೇಬೇಕು, ಇಲ್ಲವೇ ಹರಿಯಲೇಬೇಕು. 1569ರಲ್ಲಿ ಮರ್ಕೇಟರ್ ಈ ನಕ್ಷೆ ಮಾಡಿದ್ದು ನಾವಿಕರಿಗಾಗಿ. ದಿಕ್ಕು ಬದಲಿಸದೆ ಸಾಗುವ ಹಡಗಿನ ದಾರಿ ಅದರಲ್ಲಿ ನೇರ ಗೆರೆಯಾಗುತ್ತದೆ. ಆ ಅನುಕೂಲಕ್ಕೆ ತೆತ್ತ ಬೆಲೆ ಧ್ರುವಗಳ ಕಡೆ ಹಿಗ್ಗಿದ ನೆಲ. "ನಕ್ಷೆ ತಪ್ಪು" ಎಂದು ಮಕ್ಕಳು ಷರಾ ಬರೆಯಲು ಬಿಡಬೇಡಿ, "ಯಾವ ಕೆಲಸಕ್ಕೆ ಸರಿ" ಎಂದು ಕೇಳಿ.

ಇತಿಹಾಸ, ಭೂಗೋಳ, ಪೌರನೀತಿ ಮೂರೂ ಒಂದೇ ಮೇಜಿಗೆ ಬರುವ ಚಟುವಟಿಕೆ ಬೇಕಿದ್ದರೆ 1854ರ ಲಂಡನ್ ಕಾಲರಾ. ಮೂರು ಅವಧಿ ಬೇಕು, ಒಂದರಲ್ಲಿ ಮುಗಿಸಲು ಹೋದರೆ ಕೆಡುತ್ತದೆ.

ಮೊದಲ ಅವಧಿಗೆ ಸೋಹೊ ಬಡಾವಣೆಯ ಬೀದಿಗಳನ್ನು ಸರಳವಾಗಿ ಬರೆದ ಹಾಳೆ, ಅದರ ಮೇಲೆ ಐದು ನೀರಿನ ಪಂಪು. ಜೊತೆಗೆ ಯಾವ ಬೀದಿಯಲ್ಲಿ ಎಷ್ಟು ಚುಕ್ಕೆ ಎಂಬ ಪಟ್ಟಿ, ಒಟ್ಟು 40. ನಿಜವಾಗಿ ಸತ್ತವರು 600ಕ್ಕೂ ಹೆಚ್ಚು, ಒಂದು ಚುಕ್ಕೆ 15 ಜನರಿಗೆ ಸಮ, ಹಾಳೆಯನ್ನು ಸರಳಗೊಳಿಸಲಾಗಿದೆ ಎಂದು ಮೊದಲೇ ಹೇಳಿಬಿಡಿ. ಮಕ್ಕಳು ಚುಕ್ಕೆ ಇಡುತ್ತ ಹೋದಂತೆ ಬ್ರಾಡ್ ಸ್ಟ್ರೀಟಿನ ಪಂಪಿನ ಸುತ್ತ ಹಾಳೆ ಕಪ್ಪಾಗುತ್ತದೆ. ಚುಕ್ಕೆ ಹಾಕಿದ ಹಾಳೆಯನ್ನೇ ಕೊಟ್ಟುಬಿಟ್ಟರೆ ಈ ಚಟುವಟಿಕೆ ಸತ್ತಂತೆ.

ಎರಡನೆಯ ಅವಧಿಗೆ ನಾಲ್ಕು ಕಾರ್ಡು, ಒಂದೊಂದಾಗಿ, ನಡುವೆ ಐದೈದು ನಿಮಿಷ ಬಿಟ್ಟು. ಒಂದು: ರೋಗ ಹರಡುವುದು ದುರ್ಗಂಧದ ಗಾಳಿಯಿಂದ ಎಂದು ಆಗಿನ ಹೆಚ್ಚಿನ ವೈದ್ಯರು ನಂಬಿದ್ದರು. ಎರಡು: ಪಂಪಿಗೆ ಹತ್ತಿರದ ನಿರ್ಗತಿಕರ ಆಶ್ರಮದಲ್ಲಿ 535 ಜನರಿದ್ದರು, ಸತ್ತವರು ಐದೇ ಜನ, ಅಲ್ಲಿ ಸ್ವಂತ ಬಾವಿಯಿತ್ತು. ಮೂರು: ಅದೇ ಬೀದಿಯ ಬಿಯರ್ ಕಾರ್ಖಾನೆಯ 70ಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬರೂ ಸಾಯಲಿಲ್ಲ. ನಾಲ್ಕು: ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ಹೆಂಗಸು ಸತ್ತಳು; ಬ್ರಾಡ್ ಸ್ಟ್ರೀಟಿನ ನೀರಿನ ರುಚಿ ಮೆಚ್ಚಿ ಅಲ್ಲಿಂದಲೇ ತರಿಸಿಕೊಳ್ಳುತ್ತಿದ್ದಳು. ಹತ್ತಿರವಿದ್ದೂ ಬದುಕಿದವರು, ದೂರವಿದ್ದೂ ಸತ್ತವಳು. ಚುಕ್ಕೆಗಳಿಗಿಂತ ಈ ಅಪವಾದಗಳೇ ಹೆಚ್ಚು ಮಾತಾಡುತ್ತವೆ. "ಕ್ರಿಮಿ!" ಎಂದು ಯಾರಾದರೂ ಕೂಗಿದರೆ, ಕಾಲರಾದ ಕ್ರಿಮಿಯನ್ನು ರಾಬರ್ಟ್ ಕಾಕ್ ಗುರುತಿಸಿದ್ದು ಸುಮಾರು 30 ವರ್ಷದ ಬಳಿಕ ಎಂದು ಹೇಳಿ. ಆ ದಿನ ಕೈಯಲ್ಲಿದ್ದ ಆಧಾರದಿಂದಲೇ ವಾದ ಕಟ್ಟಬೇಕು.

ಮೂರನೆಯ ಅವಧಿ ತೀರ್ಮಾನಕ್ಕೆ. ದಿನಾಂಕ 1854ರ ಸೆಪ್ಟೆಂಬರ್ 7, ಮಕ್ಕಳೇ ಆ ಬಡಾವಣೆಯ ಆಡಳಿತ ಮಂಡಳಿ. ಪಂಪಿನ ಹಿಡಿ ತೆಗೆಸಬೇಕೇ? ತೆಗೆಸಿದರೆ ಜನ ನೀರಿಗೆ ಎಲ್ಲಿಗೆ ಹೋಗಬೇಕು? ನಂಬಿಕೆ ತಪ್ಪಾದರೆ ಉತ್ತರ ಯಾರು ಕೊಡಬೇಕು? ಅವರು ಮತ ಹಾಕಿದ ಮೇಲೆ, ಡಾಕ್ಟರ್ ಜಾನ್ ಸ್ನೋ ಮಾತು ಕೇಳಿ ಮಂಡಳಿ ಮರುದಿನವೇ ಹಿಡಿ ತೆಗೆಸಿತು ಎಂದು ತಿಳಿಸಿ. ಅಷ್ಟಕ್ಕೇ ಚಪ್ಪಾಳೆ ತಟ್ಟಿ ಮುಗಿಸಬೇಡಿ. ಹಿಡಿ ತೆಗೆಯುವ ಹೊತ್ತಿಗೆ ಸಾವುಗಳು ಆಗಲೇ ಇಳಿಮುಖವಾಗಿದ್ದವು, ಬಹಳ ಜನ ಬಡಾವಣೆ ಬಿಟ್ಟು ಹೋಗಿದ್ದರು. ಹಾಗಾದರೆ ಹಿಡಿ ತೆಗೆದದ್ದರಿಂದಲೇ ರೋಗ ನಿಂತಿತು ಎನ್ನಬಹುದೇ? ಹನ್ನೊಂದರ ಮಕ್ಕಳು ಈ ಪ್ರಶ್ನೆಗೆ ಹೆಗಲು ಕೊಡಬಲ್ಲರು.

ಪಾತ್ರಾಭಿನಯಕ್ಕೆ ಒಂದು ಗಡಿ ಇರಲೇಬೇಕು. ಗುಲಾಮಗಿರಿ, ಜನಾಂಗಹತ್ಯೆ, ಅಸ್ಪೃಶ್ಯತೆಯಂಥ ಕ್ರೌರ್ಯವನ್ನು ಮಕ್ಕಳಿಂದ ಆಡಿಸಬಾರದು. ತುಳಿದವರ ಪಾತ್ರ ಆಟವಾಗುತ್ತದೆ, ತುಳಿಸಿಕೊಂಡವರ ಪಾತ್ರ ಸಿಕ್ಕ ಮಗು ಅವಮಾನವನ್ನು ಮನೆಗೆ ಹೊತ್ತುಕೊಂಡು ಹೋಗುತ್ತದೆ, ಆ ನೋವು ಅದರ ಮನೆತನದ್ದೇ ಆಗಿದ್ದರಂತೂ ಕೇಳುವುದೇ ಬೇಡ. ಅಲ್ಲಿ ಬದುಕಿದವರ ಮಾತನ್ನು ಓದಿ, ಪತ್ರ ನೋಡಿ, ಚರ್ಚಿಸಿ. ತೀರ್ಮಾನ ಕೈಗೊಳ್ಳುವವರ ಪಾತ್ರ ಕೊಡಿ, ನರಳಿದವರದು ಬೇಡ.

ಚುನಾವಣೆಯ ಪಾಠಕ್ಕೆ ನಿಜವಾದ ವಿಷಯವೊಂದು ಸಾಕು: ವಾರದ ಕೊನೆಯ ಅವಧಿಗೆ ಯಾವ ಆಟ? ಮೂವತ್ತು ಮಕ್ಕಳ ತರಗತಿಯಲ್ಲಿ ಮೊದಲ ಆಟಕ್ಕೆ 12, ಎರಡನೆಯದಕ್ಕೆ 10, ಮೂರನೆಯದಕ್ಕೆ 8 ಮತ ಬಿತ್ತು ಅಂದುಕೊಳ್ಳಿ. ಮೊದಲನೆಯದು ಗೆದ್ದಿತು, ಆದರೆ 18 ಮಂದಿಗೆ ಅದು ಬೇಡ. ಕೊನೆಯದನ್ನು ಕೈಬಿಟ್ಟು ಮತ್ತೆ ಮತ ಹಾಕಿಸಿ. ಆ ಎಂಟೂ ಮತ ಎರಡನೆಯದಕ್ಕೆ ಹೋದರೆ ಫಲಿತಾಂಶ 18ಕ್ಕೆ 12, ಗೆದ್ದವರೇ ಬೇರೆ. ಮತ ಅವೇ, ನಿಯಮ ಬದಲಾಯಿತು ಅಷ್ಟೇ. ಆದ್ದರಿಂದ ಯಾವ ನಿಯಮ ಎಂದು ಮತದಾನಕ್ಕೆ ಮುಂಚೆಯೇ ಗೊತ್ತುಮಾಡಬೇಕು. ಫಲಿತಾಂಶ ಬಂದ ಮೇಲೆ ಶಿಕ್ಷಕರು "ಇವತ್ತು ಬೇಡ, ಪಾಠ ಬಾಕಿ ಇದೆ" ಎಂದರೆ ಮತಕ್ಕೆ ಬೆಲೆಯಿಲ್ಲ ಎಂಬುದನ್ನೇ ಕಲಿಸಿದಂತಾಗುತ್ತದೆ. ನಡೆಸಿಕೊಡಲಾಗದ ವಿಷಯವನ್ನು ಮತಕ್ಕೆ ಇಡಲೇಬೇಡಿ.

ಪ್ರತಿ ಪಾಠಕ್ಕೂ ಇಷ್ಟು ಸಮಯ ಸಿಗುವುದಿಲ್ಲ, ಬೇಕಾಗಿಯೂ ಇಲ್ಲ. ತಿಂಗಳಿಗೆ ಒಂದು ದೊಡ್ಡದು ಸಾಕು, ಉಳಿದ ದಿನ ಹೊಸ ಇಸವಿ ಬಂದಾಗ ಪಟ್ಟಿಗೆ ಒಂದು ಕಾರ್ಡು, ಹೊಸ ಊರು ಬಂದಾಗ ಗ್ಲೋಬಿನ ಮೇಲೆ ಒಂದು ಬೆರಳು. ಪರೀಕ್ಷೆಯಲ್ಲಿ "ಯಾವ ಇಸವಿ" ಎಂಬುದರ ಪಕ್ಕದಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ: ಈ ಕಾರ್ಡನ್ನು ಪಟ್ಟಿಯ ಮೇಲೆ ಯಾವ ಎರಡು ಕಾರ್ಡುಗಳ ನಡುವೆ ಸಿಕ್ಕಿಸುತ್ತೀಯ, ಯಾಕೆ?