ಫೈಲ್ ಸರ್ವರ್ ಕೆಲಸದ ದಾಖಲೆ: ಡೇಟಾ ಕಳಿಸುವ ಕೋಡ್ ಎಲ್ಲಿಗೆ ಬಂತು

ಈ ಸುತ್ತಿನಲ್ಲಿ ಕೈ ಹಾಕಿದ್ದು ಒಂದೇ ಭಾಗಕ್ಕೆ: ಕ್ಲೈಂಟ್ ಫೈಲ್ ಕೇಳಿದಾಗ ಅದನ್ನು ಸಾಕೆಟ್‌ಗೆ (ನೆಟ್‌ವರ್ಕ್ ಸಂಪರ್ಕದ ನಮ್ಮ ತುದಿಗೆ) ತುಂಬುವ ಕೋಡ್. ಅಪ್‌ಲೋಡ್ ಕಡೆಯ ಕೋಡ್ ಇದ್ದ ಹಾಗೇ ಇದೆ. ಸರ್ವರ್ ಓಡುವುದು ಲಿನಕ್ಸ್ ಮೇಲೆ. ನಾನ್‌ಬ್ಲಾಕಿಂಗ್ ಸಾಕೆಟ್‌ಗಳು (ಜಾಗವಿಲ್ಲದಿದ್ದರೆ ಕಾಯದೆ ವಾಪಸ್ ಬರುವಂಥವು), ಎಪೋಲ್ (ಯಾವ ಸಾಕೆಟ್ ಸಿದ್ಧ ಎಂದು ತಿಳಿಸುವ ಲಿನಕ್ಸ್ ಸೌಲಭ್ಯ) ಎಡ್ಜ್ ಟ್ರಿಗರ್ ಮೋಡ್‌ನಲ್ಲಿ, ಅಂದರೆ ಸ್ಥಿತಿ ಬದಲಾದಾಗ ಮಾತ್ರ ಸೂಚನೆ. ಹಳೆಯ ಲೂಪ್ ಎಲ್ಲರೂ ಮೊದಲು ಬರೆಯುವಂಥದ್ದೇ. 64 ಕೆಬಿ ಬಫರ್‌ಗೆ ರೀಡ್, ಅಲ್ಲಿಂದ ಸಾಕೆಟ್‌ಗೆ ರೈಟ್, ಮುಗಿಯುವ ತನಕ ಅದೇ.

ಮೊದಲು ಗಡಿ ಎಲ್ಲಿದೆ ಅನ್ನುವ ಲೆಕ್ಕ. ಗಿಗಾಬಿಟ್ ಈಥರ್ನೆಟ್, ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1500 ಬೈಟ್. ಟೈಮ್‌ಸ್ಟ್ಯಾಂಪ್ ಆಯ್ಕೆ ಇದ್ದಾಗ ಒಂದು ಪ್ಯಾಕೆಟ್‌ನಲ್ಲಿ ನಮ್ಮ ಡೇಟಾಗೆ ಸಿಗುವುದು 1448 ಬೈಟ್. ಪ್ರಿಯಾಂಬಲ್, ನಡುವಿನ ಗ್ಯಾಪ್ ಎಲ್ಲ ಸೇರಿಸಿದರೆ ಅದೇ ಪ್ಯಾಕೆಟ್ ತಂತಿಯ ಮೇಲೆ 1538 ಬೈಟ್ ಹಿಡಿಯುತ್ತದೆ. ಹಾಗಾಗಿ ಉಳಿಯುವುದು 941 ಮೆಗಾಬಿಟ್, ಸೆಕೆಂಡಿಗೆ ಸುಮಾರು 117.7 ಎಂಬಿ. 1073741824 ಬೈಟ್‌ಗಳ ಟೆಸ್ಟ್ ಫೈಲ್ 9.1 ಸೆಕೆಂಡಿಗಿಂತ ಬೇಗ ಹೋಗಲು ಸಾಧ್ಯವೇ ಇಲ್ಲ. ಹಳೆಯ ಲೂಪ್ ಕೂಡ ಒಂದೇ ಕ್ಲೈಂಟ್ ಇದ್ದಾಗ ಈ ಗಡಿಯ ಹತ್ತಿರ ಹೋಗಬಲ್ಲದು. ಆದ್ದರಿಂದ ಒಂದು ಕ್ಲೈಂಟ್, ಒಂದು ದೊಡ್ಡ ಫೈಲ್, ನಡುವೆ ಒಂದು ಸ್ವಿಚ್ ಇಟ್ಟುಕೊಂಡು ಅಳೆದರೆ ಕೋಡ್‌ನಲ್ಲಿ ಏನೇ ಬದಲಿಸಿದರೂ ವ್ಯತ್ಯಾಸ ಕಾಣುವುದಿಲ್ಲ. ಲೂಪ್‌ಬ್ಯಾಕ್ (ಯಂತ್ರ ತನಗೆ ತಾನೇ ಕಳಿಸಿಕೊಳ್ಳುವ ದಾರಿ) ಮೇಲೆ ಅಳೆಯುವುದು ಇನ್ನೂ ದಾರಿ ತಪ್ಪಿಸುತ್ತದೆ, ಅಲ್ಲಿ ನೆಟ್‌ವರ್ಕ್ ಕಾರ್ಡ್‌ಗೆ ಕೆಲಸವೇ ಇಲ್ಲ. ಕೊನೆಗೆ ಉಳಿಸಿಕೊಂಡ ಟೆಸ್ಟ್‌ಗಳು ನಾಲ್ಕು: ಪೇಜ್ ಕ್ಯಾಶ್‌ನಲ್ಲಿರುವ (ಡಿಸ್ಕ್‌ನಿಂದ ಓದಿ ಲಿನಕ್ಸ್ ಮೆಮೊರಿಯಲ್ಲಿ ಇಟ್ಟುಕೊಂಡ) ಫೈಲ್ ಹಲವು ಕ್ಲೈಂಟ್‌ಗಳಿಗೆ, ಕ್ಯಾಶ್ ಖಾಲಿ ಮಾಡಿ ಅದೇ ಫೈಲ್, 1 ಕೆಬಿಯ ಸಾವಿರಾರು ಫೈಲ್‌ಗಳು, 20 ಮಿಲಿಸೆಕೆಂಡ್ ವಿಳಂಬದ ಆಚೆಗಿನ ಕ್ಲೈಂಟ್.

ಸೆಂಡ್‌ಫೈಲ್

ಹಳೆಯ ಲೂಪ್‌ನಲ್ಲಿ ಪ್ರತಿ ಬೈಟ್ ಎರಡು ಸಲ ನಕಲಾಗುತ್ತದೆ. ಪೇಜ್ ಕ್ಯಾಶ್‌ನಿಂದ ನಮ್ಮ ಬಫರ್‌ಗೆ ಒಮ್ಮೆ, ಬಫರ್‌ನಿಂದ ಸಾಕೆಟ್‌ಗೆ ಇನ್ನೊಮ್ಮೆ. ಮೇಲಿನ ಟೆಸ್ಟ್ ಫೈಲ್‌ಗೆ ಕಡಿಮೆಯೆಂದರೂ 16384 ರೀಡ್, 16384 ರೈಟ್. ಸೆಂಡ್‌ಫೈಲ್ ಎಂಬ ಸಿಸ್ಟಮ್ ಕಾಲ್ (ಲಿನಕ್ಸ್‌ಗೆ ನೇರವಾಗಿ ಕೆಲಸ ಹೇಳುವ ಕರೆ) ಬಳಸಿದರೆ ಡೇಟಾ ನಮ್ಮ ಪ್ರೋಗ್ರಾಮ್‌ನ ಮೆಮೊರಿಗೆ ಬರುವುದೇ ಇಲ್ಲ. ಪೇಜ್ ಕ್ಯಾಶ್‌ನ ಪೇಜ್‌ಗಳನ್ನೇ ಸಾಕೆಟ್ ಹಿಡಿದುಕೊಳ್ಳುತ್ತದೆ, ಕಾರ್ಡ್ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ಕೋಡ್ ಬದಲಾವಣೆ ಹತ್ತು ಸಾಲೂ ಇಲ್ಲ. ಅದರ ಸುತ್ತಲಿನದ್ದೇ ನಿಜವಾದ ಕೆಲಸ.

ಆಫ್‌ಸೆಟ್ ಪಾಯಿಂಟರ್ (ಫೈಲ್‌ನ ಎಲ್ಲಿಂದ ಕಳಿಸಬೇಕೆಂಬ ಗುರುತು) ಯಾವಾಗಲೂ ಕೊಡಬೇಕು. ನಲ್ ಕೊಟ್ಟರೆ ಫೈಲ್‌ನ ಸ್ವಂತ ಪೊಸಿಶನ್ ಮುಂದೆ ಹೋಗುತ್ತದೆ. ಒಂದೇ ಡಿಸ್ಕ್ರಿಪ್ಟರ್ (ತೆರೆದ ಫೈಲ್‌ನ ಗುರುತಿನ ಸಂಖ್ಯೆ) ಇಬ್ಬರು ಕ್ಲೈಂಟ್‌ಗಳಿಗೆ ಹಂಚಿದ್ದರೆ ಒಬ್ಬರಿಗೆ ಹೋಗಬೇಕಾದ ತುಂಡು ಇನ್ನೊಬ್ಬರಿಗೆ ಹೋಗುತ್ತದೆ, ಎರಡೂ ಫೈಲ್ ಹಾಳು. ಒಂದು ಕರೆಯಲ್ಲಿ ಹೋಗುವ ಗರಿಷ್ಠ ಮೊತ್ತ 2147479552 ಬೈಟ್. ನಾನ್‌ಬ್ಲಾಕಿಂಗ್ ಸಾಕೆಟ್‌ನಲ್ಲಿ ಅದಕ್ಕಿಂತ ಎಷ್ಟೋ ಮೊದಲೇ ಬಫರ್ ತುಂಬಿ ವಾಪಸ್ ಬರುತ್ತದೆ. ಆದ್ದರಿಂದ ಹಿಂದಿರುಗಿದ ಸಂಖ್ಯೆಯನ್ನು ನಂಬಿ ಲೂಪ್ ಬರೆಯಬೇಕು, ಕೇಳಿದ ಸಂಖ್ಯೆಯನ್ನಲ್ಲ. ಸೆಂಡ್ ಕರೆಗೆ ಇರುವ ನೋಸಿಗ್ನಲ್ ಫ್ಲ್ಯಾಗ್ ಇದಕ್ಕಿಲ್ಲ: ಕ್ಲೈಂಟ್ ಅರ್ಧದಲ್ಲಿ ಸಂಪರ್ಕ ಕಡಿದರೆ ಸಿಗ್‌ಪೈಪ್ (ಮುರಿದ ಸಂಪರ್ಕಕ್ಕೆ ಬರೆದಾಗ ಬರುವ ಸಿಗ್ನಲ್) ಬಂದು ಇಡೀ ಸರ್ವರ್ ಮಲಗುತ್ತದೆ. ಶುರುವಿನಲ್ಲೇ ಆ ಸಿಗ್ನಲ್ ಇಗ್ನೋರ್ ಮಾಡಿದ್ದಾಗಿದೆ. ಸೆಂಡ್‌ಫೈಲ್ ಒಪ್ಪದ ಫೈಲ್‌ಗಳೂ ಇರುತ್ತವೆ, ಅಲ್ಲಿ ಇಇನ್‌ವಾಲ್ (EINVAL) ಎರರ್ ಬರುತ್ತದೆ. ಅದಕ್ಕಾಗಿ ಹಳೆಯ ರೀಡ್-ರೈಟ್ ಲೂಪನ್ನು ಅಳಿಸದೆ ಉಳಿಸಿಕೊಂಡಿದೆ.

ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಕಳಿಸುತ್ತಿರುವಾಗಲೇ ಫೈಲ್ ಚಿಕ್ಕದಾಗುವ ಪ್ರಸಂಗ. ಹೆಡರ್‌ನಲ್ಲಿ (ಫೈಲ್‌ಗೆ ಮುಂಚೆ ಹೋಗುವ ವಿವರದಲ್ಲಿ) «ಇಷ್ಟು ಬೈಟ್ ಬರುತ್ತದೆ» ಎಂದು ಮಾತು ಕೊಟ್ಟಾಗಿದೆ. ನಡುವೆ ಯಾರೋ ಫೈಲ್ ಟ್ರಂಕೇಟ್ ಮಾಡುತ್ತಾರೆ. ಆಗ ಸೆಂಡ್‌ಫೈಲ್ ಎರರ್ ಕೊಡುವುದಿಲ್ಲ, ಸುಮ್ಮನೆ ಸೊನ್ನೆ ಹಿಂದಿರುಗಿಸುತ್ತದೆ. «ಬಾಕಿ ಮುಗಿಯುವ ತನಕ ಸುತ್ತು» ಎಂದು ಬರೆದ ಲೂಪ್ ಅಲ್ಲೇ ಶಾಶ್ವತವಾಗಿ ಸುತ್ತುತ್ತಾ ಒಂದು ಕೋರನ್ನು ಪೂರ್ತಿ ತಿನ್ನುತ್ತದೆ. ಉಳಿದ ಜಾಗಕ್ಕೆ ಸೊನ್ನೆ ತುಂಬಿ ಕಳಿಸುವುದು ಒಂದು ದಾರಿ. ಅದು ಇಲ್ಲಿ ಬೇಡ ಎಂದು ತೀರ್ಮಾನವಾಗಿದೆ, ಏಕೆಂದರೆ ಕ್ಲೈಂಟ್ ಕೈಗೆ ಸರಿಯಾದ ಗಾತ್ರದ, ಆದರೆ ಕೆಟ್ಟ ಫೈಲ್ ಸಿಗುತ್ತದೆ, ಅದು ಕೆಟ್ಟಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಈಗ ಸೊನ್ನೆ ಬಂದ ಕೂಡಲೇ ಲಿಂಗರ್ ಸಮಯವನ್ನು (ಮುಚ್ಚುವಾಗ ಬಾಕಿ ಡೇಟಾಗಾಗಿ ಕಾಯುವ ಸಮಯ) 0 ಮಾಡಿ ಸಾಕೆಟ್ ಮುಚ್ಚಲಾಗುತ್ತದೆ. ಕ್ಲೈಂಟ್‌ಗೆ ರೀಸೆಟ್ ಹೋಗುತ್ತದೆ, ಡೌನ್‌ಲೋಡ್ ವಿಫಲವಾಯಿತೆಂದು ಅದಕ್ಕೆ ಸ್ಪಷ್ಟವಾಗುತ್ತದೆ.

ಇದರ ಜೊತೆಗೇ ಬರುವ ಇನ್ನೊಂದು ವಿಷಯ: ಸೆಂಡ್‌ಫೈಲ್ ಮುಗಿಯಿತು ಅಂದರೆ ಡೇಟಾ ತಂತಿಗೆ ಹೋಯಿತು ಎಂದಲ್ಲ. ಸಾಕೆಟ್ ಇನ್ನೂ ಅದೇ ಪೇಜ್‌ಗಳನ್ನು ತೋರಿಸುತ್ತಿರುತ್ತದೆ. ಅಷ್ಟರಲ್ಲಿ ಯಾರಾದರೂ ಫೈಲ್‌ನ ಆ ಭಾಗವನ್ನು ಅಲ್ಲೇ ತಿದ್ದಿದರೆ ಹೊಸ ಬೈಟ್‌ಗಳೇ ಹೋಗುತ್ತವೆ. ಚೆಕ್‌ಸಮ್ (ಡೇಟಾ ಕೆಟ್ಟಿಲ್ಲವೆಂದು ಪರೀಕ್ಷಿಸುವ ಮೊತ್ತ) ಹೊಸ ಬೈಟ್‌ಗಳಿಗೆ ತಕ್ಕಂತೆ ಲೆಕ್ಕವಾಗುವುದರಿಂದ ಟಿಸಿಪಿ ಇದನ್ನು ಹಿಡಿಯಲಾರದು. ಪರಿಹಾರ ಬರೆಯುವ ಕಡೆಯಲ್ಲಿದೆ: ತಾತ್ಕಾಲಿಕ ಹೆಸರಿನಲ್ಲಿ ಪೂರ್ತಿ ಬರೆದು, ಆಮೇಲೆ ರಿನೇಮ್.

ಚಿಕ್ಕ ಫೈಲ್‌ಗಳ 40 ಮಿಲಿಸೆಕೆಂಡ್

1 ಕೆಬಿ ಫೈಲ್‌ಗಳ ಟೆಸ್ಟ್‌ನಲ್ಲಿ ಸಿಪಿಯು ಆರಾಮಾಗಿದೆ, ತಂತಿ ಖಾಲಿ, ಆದರೂ ಕೆಲಸ ಸಾಗದು. ಪ್ಯಾಕೆಟ್ ಕ್ಯಾಪ್ಚರ್ ಬಿಚ್ಚಿ ನೋಡಿದರೆ ಒಂದೇ ನಮೂನೆ ಮತ್ತೆ ಮತ್ತೆ: ಹೆಡರ್‌ನ ಪುಟ್ಟ ಪ್ಯಾಕೆಟ್ ಹೊರಡುತ್ತದೆ, 40 ಮಿಲಿಸೆಕೆಂಡ್ ಮೌನ, ಕ್ಲೈಂಟ್‌ನಿಂದ ಬರಿಯ ಆಕ್ (ತಲುಪಿತು ಎನ್ನುವ ಉತ್ತರ), ಅದರ ಬೆನ್ನಲ್ಲೇ ಫೈಲ್‌ನ ಡೇಟಾ.

ಕಾರಣ ಇಬ್ಬರ ಕಾಯುವಿಕೆ. ಹಿಂದೆ ಕಳಿಸಿದ್ದಕ್ಕೆ ಆಕ್ ಬಾಕಿ ಇರುವಾಗ ಚಿಕ್ಕ ಪ್ಯಾಕೆಟ್ ಕಳಿಸಬೇಡ ಅನ್ನುವುದು ನೇಗಲ್ ನಿಯಮ, 1984ರ ಆರ್‌ಎಫ್‌ಸಿ 896 (ಇಂಟರ್ನೆಟ್ ತಾಂತ್ರಿಕ ದಾಖಲೆ). ಬೇರೆ ಡೇಟಾ ಜೊತೆಗೆ ಕಳಿಸಬಹುದೇನೋ ಎಂದು ಆಕ್ ತಡೆಹಿಡಿಯುವುದು ಕ್ಲೈಂಟ್‌ನ ಡಿಲೇಡ್ ಆಕ್. ನಾವು ಅವರ ಆಕ್‌ಗೆ ಕಾಯುತ್ತೇವೆ, ಅವರು ನಮ್ಮ ಡೇಟಾಗೆ ಕಾಯುತ್ತಾರೆ. ಪ್ರತಿ ಫೈಲ್‌ಗೂ ಹೀಗಾದರೆ ಒಂದು ಸಂಪರ್ಕದಲ್ಲಿ ಸೆಕೆಂಡಿಗೆ 25 ಫೈಲ್ ದಾಟುವುದಿಲ್ಲ, ನೆಟ್‌ವರ್ಕ್ ಎಷ್ಟೇ ವೇಗದ್ದಿರಲಿ.

ಹೆಡರ್ ಕಳಿಸುವಾಗ ಎಂಎಸ್‌ಜಿ ಮೋರ್ (ಇನ್ನೂ ಬರುವುದಿದೆ) ಫ್ಲ್ಯಾಗ್ ಕೊಟ್ಟರೆ ಕರ್ನಲ್ (ಲಿನಕ್ಸ್‌ನ ತಿರುಳು) ಅದನ್ನು ಹಿಡಿದಿಟ್ಟುಕೊಂಡು ನಂತರದ ಸೆಂಡ್‌ಫೈಲ್ ಡೇಟಾ ಜೊತೆ ಒಂದೇ ಪ್ಯಾಕೆಟ್‌ನಲ್ಲಿ ಸೇರಿಸುತ್ತದೆ. ಜೊತೆಗೆ ಟಿಸಿಪಿ ನೋಡಿಲೇ (ನೇಗಲ್ ನಿಯಮ ನಿಲ್ಲಿಸುವ ಆಯ್ಕೆ) ಕೂಡ ಹಾಕಿದೆ. ಇಲ್ಲದಿದ್ದರೆ ದೊಡ್ಡ ಫೈಲ್‌ನ ಕೊನೆಯ ಅರೆತುಂಬಿದ ಪ್ಯಾಕೆಟ್ ಮತ್ತೆ ಅದೇ ಕಾಯುವಿಕೆಗೆ ಸಿಗಬಹುದು. ಪ್ಯಾಕೆಟ್ ತುಂಬುವ ತನಕ ತಡೆದಿಡುವ ಟಿಸಿಪಿ ಕಾರ್ಕ್, ಅಂದರೆ ಬಿರಟೆ, ಆಯ್ಕೆಯಿಂದಲೂ ಇದೇ ಫಲ ಬರುತ್ತದೆ, ಆದರೆ ಬಿರಟೆ ಹಾಕಲು, ತೆಗೆಯಲು ಎರಡು ಹೆಚ್ಚುವರಿ ಸಿಸ್ಟಮ್ ಕಾಲ್ ಬೇಕು. ಯಾವುದೋ ಎರರ್ ದಾರಿಯಲ್ಲಿ ಬಿರಟೆ ತೆಗೆಯಲು ಮರೆತರೆ ಕೊನೆಯ ತುಂಡು 200 ಮಿಲಿಸೆಕೆಂಡ್ ತನಕ ಅಲ್ಲೇ ಕೂರುತ್ತದೆ. ಖಾಲಿ ಫೈಲ್ ಇದ್ದಾಗ ಮೋರ್ ಫ್ಲ್ಯಾಗ್ ಕೊಡಬಾರದು ಅನ್ನುವುದೂ ನೆನಪಿರಲಿ. ಹಿಂದೆ ಬರುವ ಡೇಟಾ ಇಲ್ಲ, ಹೆಡರ್ ಸುಮ್ಮನೆ ಸಿಕ್ಕಿಕೊಳ್ಳುತ್ತದೆ.

ಸೆಂಡ್ ಬಫರ್

ಹಳೆಯ ಕೋಡ್‌ನಲ್ಲಿ ಸೆಂಡ್ ಬಫರನ್ನು (ಕಳಿಸಿದ ಡೇಟಾ ಆಕ್ ಬರುವ ತನಕ ಇರುವ ಜಾಗ) 64 ಕೆಬಿಗೆ ಕಟ್ಟಿದ ಒಂದು ಸಾಲಿತ್ತು. ಲ್ಯಾನ್‌ನಲ್ಲಿ ಅದರಿಂದ ತೊಂದರೆ ಕಾಣದು. ದೂರ ಹೆಚ್ಚಾದಾಗ ಲೆಕ್ಕ ಮಾಡಿ ನೋಡಿ: ಕರ್ನಲ್ ಆ ಸಂಖ್ಯೆಯನ್ನು ಇಮ್ಮಡಿಸಿ 131072 ಮಾಡುತ್ತದೆ, ಆಕ್ ಬರುವ ತನಕ ಅದಕ್ಕಿಂತ ಹೆಚ್ಚು ಹೊರಗಿರಲಾರದು, 20 ಮಿಲಿಸೆಕೆಂಡ್‌ಗೆ ಒಮ್ಮೆ 131072 ಅಂದರೆ ಸೆಕೆಂಡಿಗೆ 6.5 ಎಂಬಿ. ಕರ್ನಲ್ ತನ್ನ ಲೆಕ್ಕಪತ್ರದ ಮೆಮೊರಿಯನ್ನೂ ಅದರಲ್ಲೇ ಹಿಡಿಯುವುದರಿಂದ ಸಿಗುವುದು ಅದಕ್ಕಿಂತಲೂ ಕಡಿಮೆ. ಗಿಗಾಬಿಟ್ ತಂತಿಯನ್ನು ಆ ದೂರದಲ್ಲಿ ತುಂಬಿಡಲು ಬೇಕಾದದ್ದು 2.5 ಎಂಬಿ.

ಆ ಸಾಲನ್ನು ದೊಡ್ಡ ಸಂಖ್ಯೆಗೆ ಬದಲಿಸಿಲ್ಲ, ಅಳಿಸಲಾಗಿದೆ. ಎಸ್ಒ ಸೆಂಡ್‌ಬಫ್ (ಸೆಂಡ್ ಬಫರ್ ಗಾತ್ರದ ಆಯ್ಕೆ) ಒಮ್ಮೆ ಮುಟ್ಟಿದರೆ ಆ ಸಾಕೆಟ್‌ಗೆ ಕರ್ನಲ್‌ನ ಆಟೋಟ್ಯೂನಿಂಗ್ ನಿಲ್ಲುತ್ತದೆ. ಬಿಟ್ಟರೆ ಅದು ಟಿಸಿಪಿ ಡಬ್ಲ್ಯುಮೆಮ್ ಸೆಟ್ಟಿಂಗ್‌ನ ಮೂರನೆಯ (ಗರಿಷ್ಠ) ಸಂಖ್ಯೆಯ ತನಕ, ಅಂದರೆ ಸಾಮಾನ್ಯವಾಗಿ 4 ಎಂಬಿ ತನಕ, ತಾನೇ ಬೆಳೆಸಿಕೊಳ್ಳುತ್ತದೆ. 100 ಮಿಲಿಸೆಕೆಂಡ್ ದೂರಕ್ಕೆ 12.5 ಎಂಬಿ ಬೇಕಾಗುವುದರಿಂದ ಅಲ್ಲಿ ಆ ಮೂರನೆಯ ಸಂಖ್ಯೆಯನ್ನೇ ಏರಿಸಬೇಕು.

ಅಡ್ಡಿ ಯಾರದ್ದೆಂದು ಊಹಿಸಬೇಕಿಲ್ಲ. ಸಂಪರ್ಕಗಳ ವಿವರ ತೋರಿಸುವ ಎಸ್‌ಎಸ್ ಕಮಾಂಡ್‌ಗೆ ಟಿ, ಐ ಆಯ್ಕೆ ಕೊಟ್ಟರೆ ಪ್ರತಿ ಸಂಪರ್ಕಕ್ಕೂ ಸೆಂಡ್‌ಬಫ್ ಲಿಮಿಟೆಡ್, ಆರ್‌ವಿಂಡೋ ಲಿಮಿಟೆಡ್ ಸಮಯ ಕಾಣುತ್ತದೆ. ಮೊದಲನೆಯದು ಹೆಚ್ಚಿದ್ದರೆ ತಪ್ಪು ನಮ್ಮ ಬಫರ್‌ನದು, ಎರಡನೆಯದು ಹೆಚ್ಚಿದ್ದರೆ ಕ್ಲೈಂಟ್‌ನದು. ಟೆಸ್ಟ್‌ಗಾಗಿ ನೆಟ್‌ಎಮ್ (ಕೃತಕ ವಿಳಂಬ ಹಾಕುವ ಲಿನಕ್ಸ್ ಸಲಕರಣೆ) ವಿಳಂಬವನ್ನು ಸರ್ವರ್ ಮೇಲೆಯೇ ಹಾಕಬೇಡಿ. ಕಳಿಸುವ ಯಂತ್ರದ ಕ್ಯೂನಲ್ಲಿ ಪ್ಯಾಕೆಟ್ ನಿಂತರೆ ಟಿಸಿಪಿ ಅದನ್ನು ನೋಡಿ ತನ್ನನ್ನು ತಾನೇ ತಡೆದುಕೊಳ್ಳುತ್ತದೆ, ಅಳತೆ ಕೆಡುತ್ತದೆ. ಕ್ಲೈಂಟ್ ಕಡೆ ಅಥವಾ ನಡುವಿನ ಯಂತ್ರದಲ್ಲಿ ಹಾಕಿ.

ಒಬ್ಬರೇ ಬಾಚಿಕೊಳ್ಳದಂತೆ

ವೇಗದ ಕ್ಲೈಂಟ್ ಒಂದಿದ್ದರೆ ಅದರ ಸಾಕೆಟ್ ತುಂಬುವುದೇ ಇಲ್ಲ. ಲೂಪ್ ಅಲ್ಲೇ ಸಿಕ್ಕಿಕೊಂಡು ಉಳಿದವರು ಕಾಯುತ್ತಾರೆ. ಒಂದು ಸರದಿಗೆ 512 ಕೆಬಿ ಎಂದು ಮಿತಿ ಹಾಕಿದೆ. ಎಡ್ಜ್ ಟ್ರಿಗರ್‌ನಲ್ಲಿ ಇದಕ್ಕೊಂದು ಗುಂಡಿ ಇದೆ. ಇಎಗೇನ್ (ಈಗ ಆಗದು, ಮತ್ತೆ ಪ್ರಯತ್ನಿಸು ಎಂಬ ಎರರ್) ಬರುವ ಮುಂಚೆ ನಾವಾಗಿಯೇ ನಿಲ್ಲಿಸಿದರೆ ಎಪೋಲ್ ಮತ್ತೆ ಎಬ್ಬಿಸುತ್ತದೆ ಎಂದು ನಂಬಿ ಕೂರುವಂತಿಲ್ಲ, ಸಂಪರ್ಕ ನೇತಾಡುತ್ತದೆ. ಮಿತಿ ಮುಟ್ಟಿ ನಿಂತ ಸಂಪರ್ಕಗಳನ್ನು ಸರ್ವರ್ ತನ್ನದೇ ಪಟ್ಟಿಯಲ್ಲಿಟ್ಟು, ಆ ಪಟ್ಟಿ ಖಾಲಿಯಾಗುವ ತನಕ ಎಪೋಲ್ ವೇಟ್‌ಗೆ ಟೈಮ್‌ಔಟ್ 0 ಕೊಡುತ್ತಿದೆ.

ಇನ್ನೂ ಬಾಕಿ

ಕ್ಯಾಶ್ ಖಾಲಿ ಇರುವ ಟೆಸ್ಟ್ ಇನ್ನೂ ಸರಿಹೋಗಿಲ್ಲ. ಸಾಕೆಟ್ ನಾನ್‌ಬ್ಲಾಕಿಂಗ್ ಆಗಿದ್ದರೂ ಡಿಸ್ಕ್‌ನಿಂದ ಓದಬೇಕಾದಾಗ ಸೆಂಡ್‌ಫೈಲ್ ನಿಲ್ಲುತ್ತದೆ, ಅದರ ಜೊತೆ ಇಡೀ ಎಪೋಲ್ ಲೂಪ್ ನಿಲ್ಲುತ್ತದೆ. ಸೀಕ್ವೆನ್ಶಿಯಲ್ ಫ್ಯಾಡ್‌ವೈಸ್ (ಫೈಲನ್ನು ಸಾಲಾಗಿ ಓದುತ್ತೇವೆ ಎಂಬ ಸೂಚನೆ) ಕೊಟ್ಟರೆ ರೀಡ್‌ಅಹೆಡ್ ಕಿಟಕಿ (ಮುಂಚಿತವಾಗಿ ಓದಿಡುವ ಮೊತ್ತ) ಇಮ್ಮಡಿಯಾಗುತ್ತದೆ, 128 ಕೆಬಿ ಇದ್ದದ್ದು 256 ಆಗುತ್ತದೆ. ಒಂದು ಫೈಲ್‌ಗೆ ಇದು ಸಾಕು, ಹಲವು ಕ್ಲೈಂಟ್ ಬೇರೆ ಬೇರೆ ಫೈಲ್ ಕೇಳಿದಾಗ ಸಾಲದು. ಈಗ ಬರೆಯುತ್ತಿರುವುದು ಹೀಗೆ: ಕಳಿಸುವ ಮುಂಚೆ ತುಂಡಿನ ಮೊದಲ ಮತ್ತು ಕೊನೆಯ ಬೈಟನ್ನು ಪ್ರೀಡ್‌ವಿ2 ಕರೆಯಲ್ಲಿ ನೋವೇಟ್ (ಡಿಸ್ಕ್‌ಗೆ ಕಾಯಬೇಡ) ಫ್ಲ್ಯಾಗ್ ಹಾಕಿ ಕೇಳುವುದು. ಇದು ಕರ್ನಲ್ 4.14ರಿಂದ ಇದೆ. ಇಎಗೇನ್ ಬಂದರೆ ಆ ತುಂಡು ಕ್ಯಾಶ್‌ನಲ್ಲಿಲ್ಲ; ಓದುವ ಕೆಲಸವನ್ನು ವರ್ಕರ್ ಥ್ರೆಡ್‌ಗೆ ಕೊಟ್ಟು ಮುಂದಿನ ಕ್ಲೈಂಟ್‌ಗೆ ಹೋಗುವುದು, ಓದಿ ಮುಗಿದ ಸುದ್ದಿ ಈವೆಂಟ್‌ಎಫ್‌ಡಿ (ಥ್ರೆಡ್‌ಗಳ ನಡುವೆ ಸೂಚನೆ ಕಳಿಸುವ ಸೌಲಭ್ಯ) ಮೂಲಕ ಲೂಪ್‌ಗೆ ಬರುವುದು. ವರ್ಕರ್ ಥ್ರೆಡ್ ಎಷ್ಟಿರಬೇಕು ಅನ್ನುವುದು ಡಿಸ್ಕ್ ಮೇಲೆ ನಿಂತಿದೆ. ತಿರುಗುವ ಡಿಸ್ಕ್‌ಗೆ ಹೆಚ್ಚು ಕೊಟ್ಟರೆ ಹೆಡ್ ಅತ್ತಿತ್ತ ಓಡಾಡಿಯೇ ಸಮಯ ಹೋಗುತ್ತದೆ, ಹಾಗಾಗಿ ಡಿಸ್ಕ್ ಒಂದಕ್ಕೆ 2 ಥ್ರೆಡ್‌ನಿಂದ ಶುರು.

ಟಿಎಲ್‌ಎಸ್ (ಡೇಟಾ ಗುಪ್ತಗೊಳಿಸಿ ಕಳಿಸುವ ವಿಧಾನ) ಆನ್ ಇರುವ ಸಂಪರ್ಕಗಳು ಸದ್ಯ ಹಳೆಯ ರೀಡ್-ರೈಟ್ ಲೂಪ್‌ನಲ್ಲೇ ಓಡುತ್ತಿವೆ. ಎನ್‌ಕ್ರಿಪ್ಟ್ ಮಾಡಲು ಡೇಟಾ ನಮ್ಮ ಕೈಗೆ ಬರಲೇಬೇಕು. ಕರ್ನಲ್ ಟಿಎಲ್‌ಎಸ್ ಬಳಸಿದರೆ ಅಲ್ಲೂ ಸೆಂಡ್‌ಫೈಲ್ ಕೆಲಸ ಮಾಡುತ್ತದೆ. ವರ್ಕರ್ ಥ್ರೆಡ್‌ಗಳ ಕೋಡ್ ನೆಲೆಗೊಂಡ ಮೇಲೆ ಅದಕ್ಕೆ ಕೈ.