ಮಾರುತಿ 800ಕ್ಕೆ ಕಪ್ ಹೋಲ್ಡರ್: ಇಲ್ಲಿಯವರೆಗಿನ ಕೆಲಸ

ಗಾಡಿ 1996ರ ಮಾರುತಿ 800. ಕಾರ್ಬುರೇಟರ್ ಎಂಜಿನ್, ನಾಲ್ಕು ಗೇರು. ಒಳಗೆ ಲೋಟ, ಬಾಟಲಿ ಇಡಲು ಎಲ್ಲೂ ಜಾಗವಿಲ್ಲ. ನೀರಿನ ಬಾಟಲಿ ಪಕ್ಕದ ಸೀಟಿನ ಮೇಲೆ ಬಿದ್ದಿರುವುದು ಈ ಗಾಡಿ ಓಡಿಸುವವರಿಗೆಲ್ಲ ರೂಢಿ. ಅದು ಉರುಳಿ ಬ್ರೇಕ್ ಪೆಡಲ್ ಅಡಿ ಸಿಕ್ಕಿಕೊಂಡರೆ ಪೆಡಲ್ ಪೂರ್ತಿ ಕೆಳಗಿಳಿಯುವುದಿಲ್ಲ. ಈ ಕೆಲಸಕ್ಕೆ ಕೈಹಾಕಿದ್ದು ಮುಖ್ಯವಾಗಿ ಅದಕ್ಕೇ.

ನಾನು ಹಾಕಿಕೊಂಡ ಷರತ್ತು ಒಂದೇ: ಗಾಡಿಗೆ ಹೊಸ ತೂತು ಬೀಳಬಾರದು. 800ರ ತಯಾರಿಕೆ 2014ರಲ್ಲೇ ನಿಂತಿತು. ಒಳಗಿನ ಪ್ಲಾಸ್ಟಿಕ್ ಒಡೆದರೆ ಅದೇ ಬಣ್ಣದ್ದು ಹುಡುಕುವುದು ಸುಲಭವಲ್ಲ.

ಎಸಿ ವೆಂಟಿಗೆ ಸಿಕ್ಕಿಸುವ ಹೋಲ್ಡರ್ ಬೇಡವೆಂದೆ. ತುಂಬಿದ ಒಂದು ಲೀಟರ್ ಬಾಟಲಿ ಒಂದು ಕಿಲೋ ಮೀರುತ್ತದೆ, ಹಳೆಯ ವೆಂಟಿನ ಪಟ್ಟಿಗಳು ಆ ಭಾರ ತಡೆಯುವುದಿಲ್ಲ. ಬಾಗಿಲಿಗೆ ನೇತುಹಾಕುವುದು ಗಾಜು ಇಳಿಸುವ ಹಿಡಿಗೆ ಅಡ್ಡ. ಉಳಿದದ್ದು ಗೇರ್ ಲಿವರಿಗೂ ಹ್ಯಾಂಡ್ ಬ್ರೇಕಿಗೂ ನಡುವಿನ ಜಾಗ. ಮುಂದಿನ ಚಕ್ರಗಳಿಂದ ಓಡುವ ಗಾಡಿಯಾದ್ದರಿಂದ ಹಿಂದಿನ ಚಕ್ರ ತಿರುಗಿಸುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ನೆಲದಡಿ ಹಿಂದಕ್ಕೆ ಹೋಗುವುದಿಲ್ಲ, ನಡುವಿನ ಉಬ್ಬು ತೀರಾ ಎತ್ತರವಿಲ್ಲ. ಅಲ್ಲಿ ಏನನ್ನಾದರೂ ಕೂರಿಸಬಹುದು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ಲೋಟದ, ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹೋಲ್ಡರ್ ಕೊಂಡೆ. ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನಲ್ಲಿ 3ಡಿ ಪ್ರಿಂಟ್ ಮಾಡಿಕೊಡುತ್ತೇನೆ ಎಂದು ಪರಿಚಯದ ಹುಡುಗ ಹೇಳಿದ್ದ. ಆದರೆ ಪಿಎಲ್‌ಎ 60 ಡಿಗ್ರಿ ಆಸುಪಾಸಿಗೇ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡ್ ಅಷ್ಟು ಕಾಯುವುದು ದೊಡ್ಡ ಮಾತಲ್ಲ. ಎಬಿಎಸ್ 100 ಡಿಗ್ರಿ ಆಸುಪಾಸಿನವರೆಗೂ ಆಕಾರ ಬಿಡುವುದಿಲ್ಲ.

ಹೋಲ್ಡರಿನ ತಳ ಚಪ್ಪಟೆ, ಗಾಡಿಯ ನೆಲ ಉಬ್ಬು. ಇದನ್ನು ಹೊಂದಿಸುವುದೇ ನಿಜವಾದ ಕೆಲಸ. ದಪ್ಪ ತಾಮ್ರದ ತಂತಿಯನ್ನು ಉಬ್ಬಿನ ಮೇಲೆ ಒತ್ತಿ ಬಗ್ಗಿಸಿ, ಆ ಗೆರೆಯನ್ನು ರಟ್ಟಿಗೆ ಇಳಿಸಿದೆ. ಮುಂದಿನ ಕಡೆಗೊಂದು, ಹಿಂದಿನ ಕಡೆಗೊಂದು ಬೇರೆ ಅಚ್ಚು ಬೇಕಾಯಿತು, ಏಕೆಂದರೆ ಉಬ್ಬು ಹಿಂದಕ್ಕೆ ಹೋದಂತೆ ಅಗಲವಾಗುತ್ತದೆ. ರಟ್ಟು ಸರಿಯಾಗಿ ಕೂತ ಮೇಲೆ 12 ಮಿ.ಮೀ. ಪ್ಲೈವುಡ್ಡಿನಲ್ಲಿ ಕತ್ತರಿಸಿ, ಕುದುರೆಯ ಜೀನಿನ ಹಾಗೆ ಉಬ್ಬಿನ ಮೇಲೆ ಕೂರುವ ಪೀಠ ಮಾಡಿದೆ. ಸ್ಕ್ರೂ ಎಲ್ಲ ಬಿದ್ದದ್ದು ಈ ಪೀಠಕ್ಕೆ.

ಪೀಠ ಜಾರದಂತೆ ಅಡಿಯಲ್ಲಿ ವೆಲ್ಕ್ರೋದ ಒರಟು ಪಟ್ಟಿ ಇದೆ, ಅದು ಕಾರ್ಪೆಟ್ಟಿಗೆ ನೇರವಾಗಿ ಕಚ್ಚುತ್ತದೆ. ವೆಲ್ಕ್ರೋದ ಅಂಟನ್ನೇ ನಂಬದೆ ಪಟ್ಟಿಯನ್ನು ಪೀಠಕ್ಕೆ ಸಣ್ಣ ಮೊಳೆಗಳಿಂದಲೂ ಹೊಡೆದೆ. ಸೆಕೆಗೆ ಅಂಟು ಬಿಡುತ್ತದೆ.

ಗಾಡಿ ನಿಲ್ಲಿಸಿಕೊಂಡು ಎಲ್ಲ ಗೇರು ಹಾಕಿ ನೋಡುವುದು ಬಹಳ ಮುಖ್ಯ. ಎರಡು ಮತ್ತು ನಾಲ್ಕನೇ ಗೇರಿಗೆ ಲಿವರ್ ಹಿಂದಕ್ಕೆ ಬರುತ್ತದೆ. ಎತ್ತರದ ಫ್ಲಾಸ್ಕ್ ಇಟ್ಟುಕೊಂಡೇ ಪರೀಕ್ಷಿಸಬೇಕು, ಖಾಲಿ ಹೋಲ್ಡರಿಗೆ ಬೆರಳು ತಾಗದಿದ್ದರೂ ಫ್ಲಾಸ್ಕಿಗೆ ತಾಗಬಹುದು. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು ಬಿಟ್ಟು ನೋಡಿದೆ, ಕೈಗೆ ಅಡ್ಡಿಯಿಲ್ಲ.

ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಪೀಠ ಕದಲಲಿಲ್ಲ. ಸ್ಟೀಲ್ ಫ್ಲಾಸ್ಕ್ ಮಾತ್ರ ಹಂಪ್ ಬಂದಾಗಲೆಲ್ಲ ಕಟಕಟ ಎನ್ನುತ್ತದೆ. ಹಳೆಯ ಸೈಕಲ್ ಟ್ಯೂಬಿನಿಂದ ಉಂಗುರ ಕತ್ತರಿಸಿ ಒಳಗೆ ಅಂಟಿಸಬೇಕು. ಪೀಠಕ್ಕೆ ಸೀಟಿನ ಬಣ್ಣದ ರೆಕ್ಸಿನ್ ಸುತ್ತುವುದೂ ಬಾಕಿ. ರೆಕ್ಸಿನ್ನಿನ ದಪ್ಪಕ್ಕೆ ಅಡಿಯ ಅಂಚನ್ನು ಇನ್ನೊಂದು ಮಿಲಿಮೀಟರ್ ಉಜ್ಜಿ ತೆಗೆಯಬೇಕಾಗುತ್ತದೆ, ಮುಂದಿನ ಭಾನುವಾರ ಅದರಿಂದಲೇ ಶುರು.