ಪ್ಲಾನಿಂಗ್ ಬೇಡ ಅಂದ್ರೆ ಎಲ್ಲಾ ಬೇಡ ಅಂತಲ್ಲ

"ಈ ಅಟ್ಟಕ್ಕೆ ಬಿಲ್ಡಿಂಗ್ ರೆಗ್ಯುಲೇಷನ್ಸ್ ಸರ್ಟಿಫಿಕೇಟ್ ಇದೆಯಾ?" ಅಂತ ಕೇಳಿದೆ. ಕಟ್ಟಿದ ಕೆಲಸ ಸುರಕ್ಷತೆಯ ನಿಯಮದಂತಿದೆ ಅನ್ನೋ ಪತ್ರ ಅದು. "ಪ್ಲಾನಿಂಗ್ ಪರ್ಮಿಷನ್ ಬೇಕಿರಲಿಲ್ಲ" ಅಂದ ಮನೆ ಮಾರಿಸುವ ಏಜೆಂಟ್. ನಾನು ಕೇಳಿದ್ದು ಅದಲ್ಲ ಅಂತ ಮತ್ತೆ ಕೇಳಿದೆ. ಅದೇ ನಗು, ಅದೇ ಉತ್ತರ. ಅವನಿಗೆ ವ್ಯತ್ಯಾಸ ಗೊತ್ತಿಲ್ಲ ಅಂತ ನಾನಂತೂ ನಂಬಲ್ಲ.

ಶನಿವಾರ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಕೊಳ್ಳೋಕೆ ಅಂತ ನೋಡಿದ ಮನೆ ಅದು. ಸಾಲುಮನೆ, ಅಟ್ಟವನ್ನೇ ಬೆಡ್‌ರೂಮ್ ಮಾಡಿದ್ದಾರೆ. ಸೂರಿನ ಕಿಟಕಿ ಕೆಳಗೆ ಪುಟ್ಟ ಮಂಚ, ಡೈನೋಸಾರ್ ಚಿತ್ರದ ಹೊದಿಕೆ. ಕಾಲಿಟ್ಟರೆ ನೆಲ ಸಣ್ಣಗೆ ಅದುರುತ್ತದೆ. ಮೆಟ್ಟಿಲು ಇಳಿದರೆ ನೇರ ಹಾಲ್, ಅದರಲ್ಲೇ ತೆರೆದ ಅಡುಗೆಮನೆ. ಬೆಂಕಿ ಬಿದ್ದರೆ ಹೊಗೆ ಮೊದಲು ಹತ್ತುವುದೇ ಆ ಮೆಟ್ಟಿಲನ್ನ, ಅಲ್ವಾ?

ಪ್ಲಾನಿಂಗ್‌ನವರು ನೋಡುವುದು ಮನೆ ಹೊರಗಿನಿಂದ ಹೇಗೆ ಕಾಣುತ್ತೆ, ಪಕ್ಕದವರಿಗೆ ತೊಂದರೆಯಾಗುತ್ತಾ ಅಂತ. ಇಂಗ್ಲೆಂಡಿನಲ್ಲಿ ಸಾಲುಮನೆಯ ಸೂರನ್ನು 40 ಘನ ಮೀಟರ್‌ವರೆಗೆ ಹಿಗ್ಗಿಸಲು ಸಾಮಾನ್ಯವಾಗಿ ಅವರ ಪರ್ಮಿಷನ್ ಬೇಕಾಗಲ್ಲ. ಆದರೆ ಅಟ್ಟದಲ್ಲಿ ಜನ ಮಲಗುತ್ತಾರೆ ಅಂದಮೇಲೆ ಬಿಲ್ಡಿಂಗ್ ರೆಗ್ಯುಲೇಷನ್ಸ್ ಒಪ್ಪಿಗೆ ಬೇಕೇ ಬೇಕು. ಹಳೇ ತೊಲೆಗಳನ್ನು ಹಾಕಿದ್ದು ಸೀಲಿಂಗ್ ಹಿಡಿಯೋಕೆ, ಮನುಷ್ಯರ ಭಾರ ಹೊರೋಕಲ್ಲ. ಎರಡಂತಸ್ತು ಮೂರಾದಾಗ ಮೇಲಿರುವವರು ಬೀದಿಬಾಗಿಲ ತನಕ ಹೊಗೆ ಕುಡಿಯದೆ ಇಳಿದು ಬರಬೇಕು. ಅದಕ್ಕೇ ಬೆಂಕಿ ತಡೆಯುವ ಬಾಗಿಲುಗಳು, ಒಂದು ಕೂಗಿದರೆ ಎಲ್ಲವೂ ಕೂಗುವ ಸ್ಮೋಕ್ ಅಲಾರಂಗಳು. ಆ ಮನೆಯಲ್ಲಿ ಎರಡೂ ಕಾಣಲಿಲ್ಲ. ಮೊದಲು ಮಗುವನ್ನು ಕೆಳಗೆ ಮಲಗಿಸೋಕೆ ಹೇಳಿ ಅಂತ ಏಜೆಂಟ್‌ಗೆ ಅಲ್ಲೇ ಹೇಳಿದೆ.

ಕನ್ನಡದ ಗೆಳೆಯರೊಬ್ಬರು "ಸುಮ್ನೆ ಇಂಡೆಮ್ನಿಟಿ ಇನ್ಶೂರೆನ್ಸ್ ತಗೊಳ್ಳಿ, ಎಲ್ಲರೂ ಅದನ್ನೇ ಮಾಡೋದು" ಅಂದರು. ಒಳ್ಳೆಯ ಮನುಷ್ಯ, ಆದರೂ ಸಿಟ್ಟು ಬಂತು. ಕೌನ್ಸಿಲ್ ಕ್ರಮ ತೆಗೆದುಕೊಂಡರೆ ಆ ಪಾಲಿಸಿ ದುಡ್ಡು ಕೊಡಬಹುದು, ನೆಲ ಗಟ್ಟಿ ಮಾಡಲ್ಲ. ಇನ್ನೊಬ್ಬರು ಅಕ್ರಮ-ಸಕ್ರಮದ ಮಾತು ತೆಗೆದರು, 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತಲ್ಲ, ಅದೇ. ಇಲ್ಲೂ ರೆಗ್ಯುಲರೈಸೇಷನ್, ಅಂದರೆ ಕಟ್ಟಿದ ಮೇಲೆ ಪಡೆಯುವ ಒಪ್ಪಿಗೆ, ಇದೆ, 1985ರ ನವೆಂಬರ್ 11ರ ನಂತರ ಒಪ್ಪಿಗೆಯಿಲ್ಲದೆ ಮಾಡಿದ ಕೆಲಸಕ್ಕೆ. ಆದರೆ ಫೀಸು ಕಟ್ಟಿದ ಮಾತ್ರಕ್ಕೆ ಮುಗಿಯಲ್ಲ, ಪ್ಲಾಸ್ಟರ್ ಕಿತ್ತು ಒಳಗಿನ ತೊಲೆ ತೋರಿಸಿ ಅನ್ನಬಹುದು, ಸರಿಯಿಲ್ಲದ್ದನ್ನು ಮತ್ತೆ ಕಟ್ಟಿಸಬೇಕು. ಅಪ್ರೂವಲ್ ಅಂದರೆ ಯಾರದೋ ಕೈ ಬೆಚ್ಚಗೆ ಮಾಡುವ ಕೆಲಸ ಅಂತಲೇ ನೋಡಿ ಬೆಳೆದ ನಮಗೆ, ಅದರೊಳಗೆ ಮಗುವಿನ ಉಸಿರೂ ಇರುತ್ತೆ ಅನ್ನೋದು ಹೊಳೆಯೋದೇ ಇಲ್ಲ.

ಮಾರುವವರು ರೆಗ್ಯುಲರೈಸೇಷನ್ ಮಾಡಿಸಲಿ, ಇಲ್ಲದಿದ್ದರೆ ಅಟ್ಟವನ್ನು ಬೆಡ್‌ರೂಮ್ ಅಂತ ಲೆಕ್ಕ ಹಿಡಿದು ದುಡ್ಡು ಕೊಡಲ್ಲ ಅಂತ ಏಜೆಂಟ್‌ಗೆ ಬರೆದು ಕಳಿಸಿದ್ದೇವೆ.